ಬೆಲ್ಟ್ ಮೇಲೆ ಬ್ಯಾಗ್ ಬರದಿದ್ದರೆ: ವಿಮಾನ ಪ್ರಯಾಣಿಕರಿಗೆ ಲಗೇಜ್ ಮತ್ತು ಇನ್ಶೂರೆನ್ಸ್ ಮಾರ್ಗದರ್ಶಿ

ಬೆಂಗಳೂರಿನಿಂದ ವಿಮಾನ ಹತ್ತುವವರು ಟಿಕೆಟ್ ದರ ಇಳಿಯಲಿ ಎಂದು ವಾರಗಟ್ಟಲೆ ಕಾಯುತ್ತಾರೆ. ಸೀಟು ಕಿಟಕಿ ಪಕ್ಕ ಬೇಕಾ, ಊಟ ಮೊದಲೇ ಹೇಳಬೇಕಾ ಎಂದೆಲ್ಲ ಯೋಚಿಸುತ್ತಾರೆ. ಲಗೇಜ್ ಮತ್ತು ಇನ್ಶೂರೆನ್ಸ್ ವಿಷಯಕ್ಕೆ ಮಾತ್ರ ಐದು ನಿಮಿಷವೂ ಕೊಡುವುದಿಲ್ಲ. ಬೆಲ್ಟ್ ಮುಂದೆ ನಿಂತು, ಎಲ್ಲರ ಬ್ಯಾಗ್ ಬಂದು ನಮ್ಮದು ಬಾರದಿದ್ದಾಗಲೇ ಅದರ ನೆನಪಾಗುವುದು.

ಗಾಬರಿಯಾಗುವಷ್ಟು ಬ್ಯಾಗ್‌ಗಳೇನೂ ಕಳೆದುಹೋಗುವುದಿಲ್ಲ. ಜಗತ್ತಿನ ವಿಮಾನ ಲಗೇಜ್ ಲೆಕ್ಕ ಇಡುವ ಸೀಟಾ ಸಂಸ್ಥೆಯ ಪ್ರಕಾರ 2024ರಲ್ಲಿ ಸಾವಿರ ಪ್ರಯಾಣಿಕರಿಗೆ ಸುಮಾರು 6.3 ಬ್ಯಾಗ್‌ಗಳು ತಡವಾದವು, ಹಾಳಾದವು ಇಲ್ಲವೇ ಕಳೆದವು. ಅದರಲ್ಲೂ ಜಾಸ್ತಿ ಪಾಲು ತಡವಾದವು ಮಾತ್ರ, ಆಮೇಲೆ ಸಿಕ್ಕವು. ಆದರೆ ಆ ಆರರಲ್ಲಿ ಒಂದು ನಿಮ್ಮದಾದರೆ ಒಂದು ಮಾತು ನೆನಪಿಡಿ. ಏರ್‌ಲೈನ್ ಆಗಲಿ, ಇನ್ಶೂರೆನ್ಸ್ ಕಂಪನಿಯಾಗಲಿ, ನೀವು ಬಾಯಲ್ಲಿ ಹೇಳಿದ್ದಕ್ಕೆ ಹಣ ಕೊಡುವುದಿಲ್ಲ. ಕಾಗದ ಕೇಳುತ್ತವೆ. ಆ ಕಾಗದಗಳಲ್ಲಿ ಅರ್ಧ ಮನೆಯಲ್ಲೇ ತಯಾರಾಗಬೇಕು. ಉಳಿದರ್ಧವನ್ನು ಏರ್‌ಪೋರ್ಟ್ ಬಿಡುವ ಮೊದಲೇ ಪಡೆಯಬೇಕು.

ಏರ್‌ಲೈನ್ ಎಷ್ಟು ಕೊಡುತ್ತದೆ?

ಇನ್ಶೂರೆನ್ಸ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಇದು ಗೊತ್ತಿರಬೇಕು. ಹುಬ್ಬಳ್ಳಿಗೋ ದೆಹಲಿಗೋ ಹೋಗುವ ದೇಶದೊಳಗಿನ ಪ್ರಯಾಣದಲ್ಲಿ ಚೆಕ್-ಇನ್ ಬ್ಯಾಗ್ ಕಳೆದರೆ ಏರ್‌ಲೈನ್‌ನ ಹೊಣೆ ಒಬ್ಬ ಪ್ರಯಾಣಿಕರಿಗೆ ಗರಿಷ್ಠ 20,000 ರೂಪಾಯಿ. ಒಳಗೆ ಮದುವೆಯ ರೇಷ್ಮೆ ಸೀರೆಗಳಿದ್ದರೂ ಅಷ್ಟೇ.

ವಿದೇಶ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. 1999ರ ಈ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಬ್ಯಾಗ್ ಕಳೆದರೂ, ಹಾಳಾದರೂ, ತಡವಾದರೂ ಒಬ್ಬ ಪ್ರಯಾಣಿಕರಿಗೆ ಸಿಗುವ ಗರಿಷ್ಠ ಮೊತ್ತ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಬಳಸುವ ಲೆಕ್ಕದ ಹಣ. ರೂಪಾಯಿಯಲ್ಲಿ ಇದು ಒಂದೂಮುಕ್ಕಾಲು ಲಕ್ಷದ ಆಸುಪಾಸು, ವಿನಿಮಯ ದರಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಆಗುತ್ತದೆ. ಇದು ಗರಿಷ್ಠ ಮಿತಿ. ಬ್ಯಾಗ್ ಕಳೆದವರಿಗೆಲ್ಲ ಇಷ್ಟು ಸಿಗುವುದಿಲ್ಲ. ಒಳಗೆ ಏನಿತ್ತು, ಅದರ ಬೆಲೆ ಎಷ್ಟು ಎಂದು ತೋರಿಸಿದಷ್ಟೇ ಸಿಗುವುದು, ಅದರಲ್ಲೂ ಹಳೆಯ ವಸ್ತುವಿಗೆ ಸವಕಳಿ ಕಳೆಯುತ್ತಾರೆ.

ಈ ಮಿತಿ ಲೆಕ್ಕವಾಗುವುದು ಪ್ರಯಾಣಿಕರಿಗೆ ಇಷ್ಟು ಅಂತ. ಬ್ಯಾಗ್ ಎರಡಿದ್ದರೆ ಹಣ ಎರಡು ಪಟ್ಟಾಗುವುದಿಲ್ಲ. ಹಾಗಾಗಿ ಗಂಡ ಹೆಂಡತಿ ಒಟ್ಟಿಗೆ ಹೋಗುತ್ತಿದ್ದರೆ ಇಬ್ಬರ ಬಟ್ಟೆಯನ್ನೂ ಎರಡೂ ಬ್ಯಾಗ್‌ಗೆ ಹಂಚಿ ಹಾಕಿ. ಒಂದು ಬಾರದಿದ್ದರೂ ಮಾರನೇ ದಿನ ಇಬ್ಬರಿಗೂ ಉಡಲು ತೊಡಲು ಇರುತ್ತದೆ.

ಬೆಲೆಬಾಳುವ ವಸ್ತುವನ್ನು ಚೆಕ್-ಇನ್ ಬ್ಯಾಗಿನಲ್ಲೇ ಕಳಿಸಲೇಬೇಕಾದ ಪ್ರಸಂಗ ಬರುತ್ತದೆ. ಉದಾಹರಣೆಗೆ ಸಂಗೀತ ವಾದ್ಯ. ಆಗ ಚೆಕ್-ಇನ್ ಕೌಂಟರ್‌ನಲ್ಲೇ ಹೆಚ್ಚಿನ ಬೆಲೆ ಘೋಷಿಸಿ, ಅವರು ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಬಹುದು. ಮಾಂಟ್ರಿಯಲ್ ಒಪ್ಪಂದದಲ್ಲೇ ಇದಕ್ಕೆ ಅವಕಾಶವಿದೆ. ವೀಣೆ, ಪಿಟೀಲು ಹೊತ್ತು ವಿದೇಶಕ್ಕೆ ಹೋಗುವ ಕಲಾವಿದರು ಬೆಂಗಳೂರಿನಲ್ಲಿ ಎಷ್ಟೊಂದು ಜನ ಇದ್ದಾರೆ. ಅವರು ಇದನ್ನು ಕೇಳಿ ಪಡೆಯಲೇಬೇಕು.

ಪಾಲಿಸಿಯಲ್ಲಿ ಓದಬೇಕಾದ ಸಾಲುಗಳು

ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಪುಟ್ಟ ಚೌಕ ಬರುತ್ತದೆ, ಇಷ್ಟು ಕೊಟ್ಟರೆ ಇನ್ಶೂರೆನ್ಸ್ ಅಂತ. ಅದು ಮೊದಲೇ ಟಿಕ್ ಆಗಿದ್ದರೆ ತೆಗೆಯಿರಿ. ನಾವು ಕೇಳದ್ದನ್ನು ಬಿಲ್ಲಿಗೆ ಸೇರಿಸುವುದನ್ನು 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ತಂತ್ರ) ಮಾರ್ಗಸೂಚಿಗಳು ತಡೆದಿವೆ. ಬೇಕೆನಿಸಿದರೆ ಓದಿ, ನೀವೇ ಟಿಕ್ ಮಾಡಿ.

ಪಾಲಿಸಿಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವ ಮೊತ್ತ ಬಹುತೇಕ ಆಸ್ಪತ್ರೆ ಖರ್ಚಿನದ್ದು. ಲಗೇಜ್‌ನ ಸಾಲು ಕೆಳಗಿರುತ್ತದೆ, ಮೊತ್ತವೂ ಚಿಕ್ಕದು. ಅಲ್ಲಿ ಮೊದಲು ನೋಡಬೇಕಾದದ್ದು ಬ್ಯಾಗ್ ಕಳೆದರೆ ಎಷ್ಟು, ತಡವಾದರೆ ಎಷ್ಟು ಎಂಬುದು. ಇವೆರಡೂ ಬೇರೆ ಬೇರೆ. ತಡವಾದಾಗ ಇಷ್ಟು ಗಂಟೆ ಕಳೆದ ಮೇಲೆ ಮಾತ್ರ ಎಂಬ ಷರತ್ತು ಇರುತ್ತದೆ. ಹನ್ನೆರಡು ಗಂಟೆ ಎಂದು ಬರೆದಿದ್ದು, ನಿಮ್ಮ ಬ್ಯಾಗ್ ಹನ್ನೊಂದನೇ ಗಂಟೆಗೆ ಬಂದರೆ ಏನೂ ಸಿಗುವುದಿಲ್ಲ.

ಆಮೇಲೆ ಒಂದು ಬ್ಯಾಗಿಗೆ ಎಷ್ಟು, ಒಂದು ವಸ್ತುವಿಗೆ ಎಷ್ಟು ಎಂಬ ಒಳಮಿತಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಒಂದು ವಸ್ತುವಿಗೆ ಒಟ್ಟು ಮೊತ್ತದ ಹತ್ತನೇ ಒಂದು ಭಾಗ ಮಾತ್ರ. ಒಡವೆ, ನಗದು, ಲ್ಯಾಪ್‌ಟಾಪ್, ಕ್ಯಾಮೆರಾ ಮುಂತಾದವು ಬಹುತೇಕ ಹೊರಗೇ ಉಳಿಯುತ್ತವೆ. ನೀವೇ ಬ್ಯಾಗನ್ನು ಬೆಂಚಿನ ಮೇಲೆ ಬಿಟ್ಟು ಕಾಫಿಗೆ ಹೋದಾಗ ಕಳುವಾದರೂ ಕೊಡುವುದಿಲ್ಲ. ಏರ್‌ಲೈನ್ ಕೊಟ್ಟ ಹಣವನ್ನು ಕಳೆದು ಉಳಿದದ್ದಕ್ಕೆ ಮಾತ್ರ ಇನ್ಶೂರೆನ್ಸ್ ಬರುವುದೂ ಸಾಮಾನ್ಯ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಸಾಲಿದೆ. ಭಾರತಕ್ಕೆ ವಾಪಸ್ ಬರುವಾಗ ಬ್ಯಾಗ್ ತಡವಾದರೆ ಹಲವು ಪಾಲಿಸಿಗಳು ಏನೂ ಕೊಡುವುದಿಲ್ಲ. ಮನೆಯಲ್ಲಿ ಬಟ್ಟೆ ಇದೆಯಲ್ಲ ಎಂಬುದು ಅವರ ವಾದ. ಹೋಗುವಾಗ ತಡವಾದರೆ ಮಾತ್ರ ಈ ರಕ್ಷಣೆ ಎಂದು ತಿಳಿದೇ ಕೊಳ್ಳಿ.

ಹಾಗಾದರೆ ಕೊಳ್ಳಬೇಕಾ? ದೇಶದೊಳಗೆ ಬರೀ ಬಟ್ಟೆಯ ಬ್ಯಾಗ್ ಹಿಡಿದು ಎರಡು ದಿನಕ್ಕೆ ಹೋಗುವವರಿಗೆ ಲಗೇಜ್ ಇನ್ಶೂರೆನ್ಸ್ ಅಷ್ಟು ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ವಿದೇಶಕ್ಕಾದರೆ ಕೊಳ್ಳಲೇಬೇಕು, ಆದರೆ ಅದಕ್ಕೆ ಮುಖ್ಯ ಕಾರಣ ಆಸ್ಪತ್ರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರನ್ನು ನಮ್ಮ ಏರ್‌ಪೋರ್ಟಿನಲ್ಲಿ ಪ್ರತಿ ರಾತ್ರಿ ನೋಡಬಹುದು. ಅವರಿಗೆ ಪಾಲಿಸಿ ಮಾಡಿಸುವಾಗ ಬಿಪಿ, ಶುಗರ್, ಹಿಂದೆ ಹಾಕಿದ ಸ್ಟೆಂಟ್ ಎಲ್ಲವನ್ನೂ ಫಾರ್ಮಿನಲ್ಲಿ ಬರೆಯಿರಿ. ಪ್ರೀಮಿಯಂ ಜಾಸ್ತಿಯಾಗುತ್ತದೆ ಎಂದು ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಅದೇ ಕಾರಣಕ್ಕೆ ತಿರಸ್ಕರಿಸುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಪಾಲಿಸಿಯಲ್ಲಿ ಏನು ಬರೆದಿದೆ ಎಂದು ಬೆರಳಿಟ್ಟು ಓದಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಕಡ್ಡಾಯ. ಪಾಲಿಸಿಯನ್ನು ಭಾರತ ಬಿಡುವ ಮೊದಲೇ ಮಾಡಿಸಬೇಕು.

ಕ್ರೆಡಿಟ್ ಕಾರ್ಡಿನ ಜೊತೆ ಬರುವ ಉಚಿತ ಇನ್ಶೂರೆನ್ಸ್ ನಂಬಿಕೊಂಡಿದ್ದರೆ, ಟಿಕೆಟ್ ಅದೇ ಕಾರ್ಡಿನಲ್ಲಿ ಕೊಂಡಿರಬೇಕೆಂಬ ಷರತ್ತು ಇದೆಯೇ ನೋಡಿ.

ಪ್ಯಾಕ್ ಮಾಡುವ ದಿನ

ಮೊದಲು ಕೈಯಲ್ಲಿ ಹೋಗುವ ಬ್ಯಾಗ್ ತುಂಬಿ. ಪಾಸ್‌ಪೋರ್ಟ್, ಒಡವೆ, ಬೆಳ್ಳಿ, ಮೂಲ ಮಾರ್ಕ್ಸ್‌ಕಾರ್ಡ್‌ಗಳು, ಮನೆ ಕೀಲಿ, ಲ್ಯಾಪ್‌ಟಾಪ್, ಎಲ್ಲ ಮಾತ್ರೆಗಳು ಮತ್ತು ಡಾಕ್ಟರ್ ಚೀಟಿ, ಜೊತೆಗೆ ಒಂದು ಜೊತೆ ಬಟ್ಟೆ. ಇವು ಯಾವುದೂ ಚೆಕ್-ಇನ್ ಬ್ಯಾಗಿಗೆ ಹೋಗಬಾರದು. ಇನ್ಸುಲಿನ್ ಹಾಕಿಕೊಳ್ಳುವವರಂತೂ ಇದನ್ನು ಮರೆಯಲೇಬಾರದು. ಎಕಾನಮಿಯಲ್ಲಿ ಸಾಮಾನ್ಯವಾಗಿ ಏಳು ಕೆಜಿಯ ಒಂದು ಹ್ಯಾಂಡ್‌ಬ್ಯಾಗ್‌ಗೆ ಅವಕಾಶ. ಆ ಏಳು ಕೆಜಿಯನ್ನು ಸುಮ್ನೆ ತಿಂಡಿ ಪೊಟ್ಟಣಗಳಿಗೆ ಖರ್ಚು ಮಾಡಬೇಡಿ. ಚಟ್ನಿಪುಡಿ, ಹುಳಿಪುಡಿ ಕೆಳಗಿನ ಬ್ಯಾಗಿಗೆ ಹೋಗಲಿ. ಅವು ಕಳೆದರೆ ಮತ್ತೆ ಕುಟ್ಟಿಕೊಳ್ಳಬಹುದು.

ಒಣ ಕೊಬ್ಬರಿಯನ್ನು ಮಾತ್ರ ಕೆಳಗಿನ ಬ್ಯಾಗಿಗೂ ಹಾಕಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿ ಇದೆ. ಎಕ್ಸ್‌ರೇಯಲ್ಲಿ ಕಂಡರೆ ಬ್ಯಾಗ್ ತೆರೆಸುತ್ತಾರೆ. ನಿಮ್ಮನ್ನು ಹುಡುಕಿ ಕರೆಯುವಷ್ಟರಲ್ಲಿ ಬ್ಯಾಗ್ ತಡವಾಗಬಹುದು. ಪವರ್ ಬ್ಯಾಂಕ್ ಕತೆಯೂ ಹೀಗೆ: ಅದು ಕೈಬ್ಯಾಗಿನಲ್ಲಿ ಮಾತ್ರ. 100 ವ್ಯಾಟ್-ಅವರ್‌ವರೆಗೆ ಏರ್‌ಲೈನ್ ಅನುಮತಿ ಬೇಕಿಲ್ಲ. ನಾವು ಸಾಮಾನ್ಯವಾಗಿ ಕೊಳ್ಳುವ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ.

ಈಗ ಕಾಗದದ ಕೆಲಸ. ಬ್ಯಾಗ್ ತುಂಬುತ್ತಾ ಹೋದಂತೆ ಮಂಚದ ಮೇಲೆ ವಸ್ತುಗಳನ್ನು ಹರಡಿ ಫೋಟೋ ತೆಗೆಯಿರಿ. ಮುಚ್ಚಿದ ಮೇಲೆ ಹೊರಗಿನಿಂದ ಎರಡು ಕಡೆ ಫೋಟೋ. ಬ್ಯಾಗಿನ ಕಂಪನಿ, ಬಣ್ಣ, ಅಳತೆ ಬರೆದಿಟ್ಟುಕೊಳ್ಳಿ. ಬೆಲೆಬಾಳುವ ವಸ್ತುಗಳ ಬಿಲ್ ಫೋನಿನಲ್ಲಿ ಇರಲಿ. ಸೀರೆ ಅಂಗಡಿಯ ಬಿಲ್ಲನ್ನು ನಾವು ಮನೆಗೆ ಬಂದ ಕೂಡಲೇ ಎಸೆಯುತ್ತೇವೆ, ಅಲ್ವಾ? ಪ್ರಯಾಣಕ್ಕೆ ಒಯ್ಯುವ ಸೀರೆಯದ್ದಾದರೂ ಇಟ್ಟುಕೊಳ್ಳಿ.

ನನ್ನ ಚಿಕ್ಕಮ್ಮನ ಸೂಟ್‌ಕೇಸ್ ಒಮ್ಮೆ ಯುರೋಪಿನಲ್ಲಿ ವಿಮಾನ ಬದಲಿಸುವಾಗ ಹಿಂದೆ ಉಳಿದಿತ್ತು. ಹೊರಗಿನ ಟ್ಯಾಗ್ ಎಲ್ಲೋ ಹರಿದುಹೋಗಿತ್ತು. ಒಳಗೆ ಬಟ್ಟೆಯ ಮೇಲೆಯೇ ಇಟ್ಟಿದ್ದ ಚೀಟಿಯಲ್ಲಿ ಹೆಸರು, ಫೋನ್ ನಂಬರ್, ಹೋಗಬೇಕಾದ ಊರು ಇದ್ದದ್ದರಿಂದ ಅದು ನಾಲ್ಕನೇ ದಿನ ಮನೆ ಬಾಗಿಲಿಗೆ ಬಂತು. ಅಂಥ ಚೀಟಿಯೊಂದು ನಿಮ್ಮ ಬ್ಯಾಗಿನ ಒಳಗೂ ಇರಲಿ. ಹೊರಗಿನ ಟ್ಯಾಗಿನಲ್ಲಿ ಹೆಸರು ಮತ್ತು ಫೋನ್ ನಂಬರ್ ಸಾಕು. ಮನೆ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಬರೆಯುವುದು, ಈ ಮನೆಯಲ್ಲಿ ಈಗ ಯಾರೂ ಇಲ್ಲ ಎಂದು ಸಾರಿದಂತೆ. ಹಿಂದಿನ ಪ್ರಯಾಣದ ಹಳೆಯ ಬಾರ್‌ಕೋಡ್ ಸ್ಟಿಕ್ಕರ್‌ಗಳನ್ನು ಕಿತ್ತು ಹಾಕಿ. ಸಣ್ಣವೂ ಉಳಿಯಬಾರದು. ಯಂತ್ರ ಅವನ್ನೂ ಓದುತ್ತದೆ.

ಬೀಗದ ಬಗ್ಗೆ ಜನ ಇಟ್ಟುಕೊಂಡಿರುವ ನಂಬಿಕೆ ಸ್ವಲ್ಪ ಅತಿಯಾಯಿತು. ಜಿಪ್ ಇರುವ ಸೂಟ್‌ಕೇಸನ್ನು ಒಂದು ಬಾಲ್‌ಪೆನ್ ಚುಚ್ಚಿ ತೆರೆದು, ಬೀಗ ಹಾಕಿದ ಜಿಪ್ ತಲೆಯನ್ನೇ ಹಿಂದೆ ಮುಂದೆ ಎಳೆದು ಮತ್ತೆ ಮುಚ್ಚಬಹುದು. ಗುರುತೇ ಉಳಿಯುವುದಿಲ್ಲ. ಅಮೆರಿಕಕ್ಕೆ ಹೋಗುವವರು, ಅಲ್ಲಿನ ತಪಾಸಣೆಯವರ ಮಾಸ್ಟರ್ ಕೀಲಿಗೆ ತೆರೆಯುವ ಟಿಎಸ್‌ಎ ಬೀಗ ಹಾಕುವುದು ಒಳ್ಳೆಯದು. ಅಲ್ಲಿ ತಪಾಸಣೆಯವರು ನಿಮ್ಮನ್ನು ಕರೆಯದೆಯೇ ತೆರೆಯುತ್ತಾರೆ, ಬೇರೆ ಬೀಗವಾದರೆ ಒಡೆಯುತ್ತಾರೆ. ಆದರೆ ಆ ಬೀಗದ ಮಾಸ್ಟರ್ ಕೀಲಿಯ ನಕಲು ಮಾಡುವ 3ಡಿ ಫೈಲ್‌ಗಳು 2015ರಲ್ಲೇ ಇಂಟರ್‌ನೆಟ್‌ನಲ್ಲಿ ಹರಡಿದವು. ಬ್ಯಾಗ್ ತಾನಾಗಿ ಬಿಚ್ಚಿಕೊಳ್ಳದಿರಲು, ಕೈಗೆ ಸಿಕ್ಕಿದ್ದನ್ನು ಎಗರಿಸುವವರು ಮುಂದಿನ ಬ್ಯಾಗಿಗೆ ಹೋಗಲು ಬೀಗ ಸಾಕು. ಒಡವೆ ಕಾಯಲು ಸಾಲದು. ಜಿಪ್ ಇಲ್ಲದ, ಕ್ಲಿಪ್‌ನಿಂದ ಮುಚ್ಚುವ ಗಟ್ಟಿ ಸೂಟ್‌ಕೇಸ್ ಇದಕ್ಕಿಂತ ಭದ್ರ. ಏರ್‌ಪೋರ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿಸಿದರೆ ಯಾರಾದರೂ ತೆರೆದರೆ ತಕ್ಷಣ ಗೊತ್ತಾಗುತ್ತದೆ.

ಹಣ ಖರ್ಚು ಮಾಡುವುದಾದರೆ ನಾನು ಟ್ರ್ಯಾಕರ್‌ಗೆ ಮಾಡುತ್ತೇನೆ. ಏರ್‌ಟ್ಯಾಗ್ ಇರಲಿ, ಆಂಡ್ರಾಯ್ಡ್ ಫೋನಿಗೆ ಹೊಂದುವ ಬೇರೆ ಟ್ಯಾಗ್ ಇರಲಿ, ಬಟ್ಟೆಯ ನಡುವೆ ಇಡಿ. ಅದರ ಬ್ಯಾಟರಿ ಪುಟ್ಟದು, ಚೆಕ್-ಇನ್ ಬ್ಯಾಗಿನಲ್ಲಿ ಇಡಬಹುದು. ಬ್ಯಾಗ್ ಎಲ್ಲಿದೆ ಗೊತ್ತಿಲ್ಲ ಎಂದು ಕೌಂಟರಿನವರು ಹೇಳುವಾಗ, ಅದು ದೋಹಾದಲ್ಲೇ ಇದೆ ನೋಡಿ ಎಂದು ಫೋನ್ ತೋರಿಸುವುದು ದೊಡ್ಡ ಬಲ.

ಏರ್‌ಪೋರ್ಟಿನಲ್ಲಿ

ಟರ್ಮಿನಲ್ ಯಾವುದೆಂದು ಟಿಕೆಟ್ಟಿನಲ್ಲಿ ನೋಡಿಕೊಂಡೇ ಹೊರಡಿ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದೇಶ ವಿಮಾನಗಳು ಟರ್ಮಿನಲ್ 2ರಿಂದ. ದೇಶದೊಳಗಿನವು ಏರ್‌ಲೈನ್‌ಗೆ ತಕ್ಕಂತೆ ಎರಡರಲ್ಲೂ ಹಂಚಿಹೋಗಿವೆ. ವಾಯುವಜ್ರ ಬಸ್ಸಿನಲ್ಲಿ ಹೋಗುವುದಾದರೆ ಲಗೇಜ್ ಸ್ಟ್ಯಾಂಡ್ ಕಣ್ಣಿಗೆ ಬೀಳುವ ಸೀಟು ಹಿಡಿಯಿರಿ. ಹೆಬ್ಬಾಳದಲ್ಲಿ, ಮೇಖ್ರಿ ಸರ್ಕಲ್‌ನಲ್ಲಿ ಜನ ಹತ್ತಿ ಇಳಿಯುವಾಗ ಒಂದೇ ಥರದ ಕಪ್ಪು ಬ್ಯಾಗ್‌ಗಳು ಅದಲುಬದಲಾಗುವುದು ಸುಲಭ. ಹ್ಯಾಂಡಲ್‌ಗೆ ಬಣ್ಣದ ರಿಬ್ಬನ್ ಕಟ್ಟಿದ್ದರೆ ಇಲ್ಲಿಂದಲೇ ಉಪಯೋಗಕ್ಕೆ ಬರುತ್ತದೆ.

ಕೌಂಟರ್‌ನಲ್ಲಿ ಬ್ಯಾಗಿಗೆ ಟ್ಯಾಗ್ ಸುತ್ತಿದ ಮೇಲೆ ಎರಡು ಸೆಕೆಂಡ್ ನಿಂತು ಅದರ ಮೇಲಿನ ಮೂರು ಅಕ್ಷರ ಓದಿ. ಅದು ನಿಮ್ಮ ಕೊನೆಯ ಊರಿನ ಕೋಡ್ ಆಗಿರಬೇಕು. ನಡುವೆ ವಿಮಾನ ಬದಲಿಸುವುದಿದ್ದರೆ, ಬ್ಯಾಗ್ ಅಲ್ಲಿ ನಾನು ತೆಗೆದುಕೊಳ್ಳಬೇಕಾ, ನೇರ ಹೋಗುತ್ತದಾ ಎಂದು ಬಾಯಿಬಿಟ್ಟು ಕೇಳಿ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಬ್ಯಾಗ್ ತೆಗೆದು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕಾಗುತ್ತದೆ. ವಿದೇಶದಿಂದ ದೆಹಲಿ, ಮುಂಬೈ ಮೂಲಕ ಬೆಂಗಳೂರಿಗೆ ಬರುವವರಿಗೂ ಸಾಮಾನ್ಯವಾಗಿ ಹೀಗೆಯೇ. ಬ್ಯಾಗ್ ತಡವಾಗಲು ಎಲ್ಲಕ್ಕಿಂತ ದೊಡ್ಡ ಕಾರಣ ಈ ವಿಮಾನ ಬದಲಾವಣೆ. ಎರಡು ವಿಮಾನಗಳ ನಡುವೆ ಒಂದೇ ಗಂಟೆ ಇರುವ ಅಗ್ಗದ ಟಿಕೆಟ್ ಕಂಡರೆ ಇದು ನೆನಪಿರಲಿ. ನೀವು ಓಡಿ ಹಿಡಿಯುತ್ತೀರಿ, ಬ್ಯಾಗ್ ಹಿಡಿಯುವುದಿಲ್ಲ.

ಟ್ಯಾಗಿನ ಹತ್ತು ಅಂಕಿಯ ನಂಬರ್ ಇರುವ ಚೀಟಿ ಕೊಡುತ್ತಾರಲ್ಲ, ಅದರ ಫೋಟೋ ತಕ್ಷಣ ತೆಗೆಯಿರಿ. ಬೋರ್ಡಿಂಗ್ ಪಾಸನ್ನೂ ಊರು ತಲುಪಿದ ಮೇಲೆ ಎಸೆಯಬೇಡಿ.

ಗೇಟಿನಲ್ಲಿ ವಿಮಾನ ತುಂಬಿದೆ, ನಿಮ್ಮ ಕೈಬ್ಯಾಗ್ ಕೆಳಗೆ ಹಾಕುತ್ತೇವೆ ಎಂದು ಸಿಬ್ಬಂದಿ ಕೇಳುವುದುಂಟು. ಇಲ್ಲಿ ಬಹಳ ಜನ ಎಡವುತ್ತಾರೆ. ಅವಸರದಲ್ಲಿ ಹಾಗೇ ಕೊಟ್ಟುಬಿಡುತ್ತಾರೆ. ನೀವು ಜೋಪಾನವಾಗಿ ಕೈಯಲ್ಲಿ ಹಿಡಿದು ತಂದ ಒಡವೆ, ಮಾತ್ರೆ, ಪವರ್ ಬ್ಯಾಂಕ್ ಎಲ್ಲ ಅದರಲ್ಲೇ ಇರುತ್ತವೆ. ಒಂದು ಮಡಚುವ ಬಟ್ಟೆ ಚೀಲ ಜೊತೆಗಿದ್ದರೆ ಅವನ್ನು ತೆಗೆದು ಅದಕ್ಕೆ ಹಾಕಿಕೊಂಡು, ಆಮೇಲೆ ಬ್ಯಾಗ್ ಕೊಡಿ.

ಬ್ಯಾಗ್ ಬರಲಿಲ್ಲ, ಅಥವಾ ಒಡೆದು ಬಂತು

ಬೆಲ್ಟ್ ಇರುವ ಹಾಲ್ ಬಿಟ್ಟು ಹೊರಗೆ ಬರಬೇಡಿ. ಇದೊಂದನ್ನು ಮನೆಯವರಿಗೆಲ್ಲ ಹೇಳಿಡಿ. ರಾತ್ರಿ ಎರಡು ಗಂಟೆಯಾಗಿರಲಿ, ಹೊರಗೆ ಕ್ಯಾಬ್ ಕಾಯುತ್ತಿರಲಿ, ಏರ್‌ಲೈನ್‌ನ ಲಗೇಜ್ ಕೌಂಟರಿಗೆ ಹೋಗಿ ಪಿಐಆರ್ ಎಂಬ ದೂರು ಬರೆಸಲೇಬೇಕು. ನಾಳೆ ಫೋನ್ ಮಾಡಿ, ನಂಬರ್ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಬ್ಯಾಗನ್ನು ತಕರಾರಿಲ್ಲದೆ ಒಯ್ದರೆ ಅದು ಸರಿಯಾಗಿಯೇ ತಲುಪಿತು ಎಂದು ಮಾಂಟ್ರಿಯಲ್ ಒಪ್ಪಂದ ಮೊದಲಿಗೆ ನಂಬುತ್ತದೆ. ಅಲ್ಲ ಎಂದು ತೋರಿಸುವ ಹೊರೆ ಆಮೇಲೆ ನಿಮ್ಮದು.

ಪಿಐಆರ್ ಆದಾಗ ಒಂದು ರೆಫರೆನ್ಸ್ ಸಿಗುತ್ತದೆ. ಏರ್‌ಪೋರ್ಟಿನ ಮೂರು ಅಕ್ಷರ, ಏರ್‌ಲೈನ್‌ನ ಎರಡು, ಆಮೇಲೆ ಐದು ಅಂಕಿ. ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆಯಲ್ಲಿ ಇದೇ ನಂಬರಿನಿಂದ ಬ್ಯಾಗನ್ನು ಹುಡುಕುತ್ತಾರೆ. ನಿಮ್ಮಲ್ಲಿರುವ ಬ್ಯಾಗಿನ ಫೋಟೋ ಇಲ್ಲೇ ಕೆಲಸಕ್ಕೆ ಬರುವುದು. ಕಪ್ಪು, ದೊಡ್ಡದು ಎಂದಷ್ಟೇ ಹೇಳಿದರೆ ಸಿಗುವುದು ಕಷ್ಟ. ವಿದೇಶದಿಂದ ಬಂದಿದ್ದರೆ, ಬ್ಯಾಗ್ ಆಮೇಲೆ ಬಂದಾಗ ಕಸ್ಟಮ್ಸ್‌ಗೆ ಯಾವ ಫಾರ್ಮ್ ಬೇಕು, ಕೀಲಿ ಅಥವಾ ಬೀಗದ ನಂಬರ್ ಕೊಡಬೇಕಾ ಎಂದೂ ಅಲ್ಲೇ ಕೇಳಿ ಮುಗಿಸಿ.

ಒಡೆದಿದ್ದರೆ ಬೆಲ್ಟ್ ಪಕ್ಕದಲ್ಲೇ ಫೋಟೋ ತೆಗೆಯಿರಿ, ಹಿನ್ನೆಲೆಯಲ್ಲಿ ಬೆಲ್ಟ್ ಕಾಣಲಿ. ವೀಲ್ ಮುರಿದದ್ದಕ್ಕೆ ಕೊಡುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿದರೂ ದೂರು ದಾಖಲಿಸಲು ಕೇಳಿ. ತೂಕ ಕಡಿಮೆ ಅನಿಸಿದರೆ, ಬೀಗ ಅಲುಗಿದಂತಿದ್ದರೆ ಅಲ್ಲೇ ತೆರೆದು ನೋಡಿ.

ಬ್ಯಾಗ್ ಬರುವವರೆಗೆ ಬೇಕಾದ ಬಟ್ಟೆ, ಬ್ರಷ್, ಚಪ್ಪಲಿ, ಔಷಧ ಕೊಳ್ಳಬಹುದು. ಬಿಲ್ ಇಟ್ಟುಕೊಳ್ಳಿ. ಸಮಂಜಸವಾದ ಖರ್ಚನ್ನು ಏರ್‌ಲೈನ್‌ನಿಂದ ಕೇಳಬಹುದು. ಇನ್ಶೂರೆನ್ಸ್ ಕಂಪನಿಯ ಸಹಾಯವಾಣಿಗೂ ಅದೇ ದಿನ ತಿಳಿಸಿ. ಏರ್‌ಲೈನ್‌ನಿಂದ ಬ್ಯಾಗ್ ಎಷ್ಟು ಗಂಟೆ ತಡವಾಯಿತು ಎಂಬ ಪತ್ರ ಪಡೆಯಿರಿ. ಇದಿಲ್ಲದೆ ಇನ್ಶೂರೆನ್ಸ್‌ನವರು ಫೈಲ್ ಮುಂದೆ ತಳ್ಳುವುದಿಲ್ಲ.

ದೂರು, ಗಡುವು

ವಿದೇಶ ಪ್ರಯಾಣದಲ್ಲಿ ಬ್ಯಾಗ್ ಹಾಳಾಗಿದ್ದರೆ ಕೈಗೆ ಸಿಕ್ಕಿದ ಏಳು ದಿನದೊಳಗೆ ಏರ್‌ಲೈನ್‌ಗೆ ಲಿಖಿತವಾಗಿ ಕೇಳಬೇಕು. ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನದೊಳಗೆ. ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಕಳೆದುಹೋದ ಬ್ಯಾಗ್ ಎಂದು ಪೂರ್ತಿ ಪರಿಹಾರ ಕೇಳಬಹುದು. ಪಿಐಆರ್ ಮಾಡಿಸಿದ್ದೇನಲ್ಲ ಎಂದು ಸುಮ್ಮನಿರಬೇಡಿ. ಅದು ಬ್ಯಾಗ್ ಹುಡುಕಲು. ಹಣಕ್ಕೆ ಬೇರೆ ಇಮೇಲ್ ಬರೆಯಬೇಕು, ವಸ್ತುಗಳ ಪಟ್ಟಿ, ಬಿಲ್, ಫೋಟೋ, ಟ್ಯಾಗ್ ಚೀಟಿ ಸೇರಿಸಿ.

ಏರ್‌ಲೈನ್ ಉತ್ತರ ಕೊಡದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ. ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ವಕೀಲರೇ ಬೇಕೆಂದಿಲ್ಲ.

ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಮೊದಲು ಅವರದೇ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ, ಅದರ ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ. ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಏರ್‌ಲೈನ್ ವಿರುದ್ಧ ಮಾಂಟ್ರಿಯಲ್ ಒಪ್ಪಂದದಡಿ ಕೋರ್ಟಿಗೆ ಹೋಗಲು ಎರಡು ವರ್ಷ ಇದೆ. ಆ ಲೆಕ್ಕ ಶುರುವಾಗುವುದು ವಿಮಾನ ಊರು ತಲುಪಿದ ದಿನದಿಂದ, ಏರ್‌ಲೈನ್ ಇಲ್ಲ ಎಂದು ಪತ್ರ ಬರೆದ ದಿನದಿಂದಲ್ಲ.